ಯಜಮಾನರ ತಾಯಿಗೆ ಅನ್ನೋನ್ ಅಂದ ಕಂಪ್ಯೂಟರು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಮಂಗಳವಾರ. ಏಳನೇ ಕ್ಲಾಸಿನ ಲೆಕ್ಕದ ಪೀರಿಯಡ್ಡು ಇನ್ನೂ ಮುಗಿದಿರಲಿಲ್ಲ. ಪುಸ್ತಕದ ಚೀಲವನ್ನ ಸ್ಕೂಲಿನ ಹಿಂದಿನ ಬೇವಿನ ಮರಕ್ಕೆ ನೇತುಹಾಕಿ ಚಿಂತಾಮಣಿ ಬಸ್ಸು ಹತ್ತಿದೆ. ಮಂಗಳವಾರ ಹೊರಟವನು ಎಲ್ಲೂ ನೆಲೆ ನಿಲ್ಲೋದಿಲ್ಲ ಅಂತ ನಮ್ಮಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದಳಂತೆ. ಅವಳ ಮಾತು ಸುಳ್ಳಾಗಲಿಲ್ಲ. ಹೋಟೆಲ್ಲು, ರೇಡಿಯೋ ರಿಪೇರಿ ಅಂಗಡಿ, ಕಂಬ ಹತ್ತಿ ಕೇಬಲ್ಲು ಎಳೆಯೋ ಕೆಲಸ, ಕೊನೆಗೆ ಕಂಪ್ಯೂಟರು. ಎಲ್ಲಿಯೂ ಎರಡು ಯುಗಾದಿ ಒಟ್ಟಿಗೆ ಮಾಡಲಿಲ್ಲ.

ಎರಡು ಸಾವಿರದ ಎಂಟು, ಒಂಬತ್ತನೇ ಇಸವಿ ಹೊತ್ತಿಗೆ ನನಗೊಂದು ಹೊಸ ಕಸುಬು ಹತ್ತಿತ್ತು. ಅನುಕೂಲಸ್ಥರು ಮನೆಗೊಂದು ಕಂಪ್ಯೂಟರು ತರೋರು. ಮನೇಲಿರೋ ಕ್ಯಾಸೆಟ್ಟು, ಸೀಡಿ, ಮದುವೆ ವೀಡಿಯೋ ಎಲ್ಲ ನಾನು ಅದರೊಳಗೆ ತುಂಬಿಸಿ, ಒಂದೊಂದಕ್ಕೂ ಹೆಸರು ಬರೆದು, ಅಲ್ಲಿಂದ ಟೀವಿಗೆ ವೈರು ಎಳೆದುಕೊಡೋದು. ರಿಮೋಟು ಒತ್ತಿದರೆ ಟೀವಿ ಮೇಲೆ ಹೆಸರಿನ ಪಟ್ಟಿ. ಬೇಕಾದ ಹೆಸರು ಒತ್ತಿದರೆ ಹಾಡು. ಸರಳ ಕೆಲಸ ಅಂದುಕೊಂಡಿದ್ದೆ. ಹಾಡು ಕೆಟ್ಟರೆ ಜನ ಸುಮ್ಮನಿರುತ್ತಾರೆ, ಹಾಡಿನ ಹೆಸರು ಹೋದರೆ ಮಾತ್ರ ನನ್ನ ವಂಶಕ್ಕೇ ಶಾಪ ಹಾಕುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಒಂದು ಸಲ ಆಗಿದ್ದರೆ ಹಣೆಬರಹ ಅನ್ನಬಹುದು. ಊರಿಗೊಂದು ಸಲ ಆದರೆ ಏನನ್ನಬೇಕು, ನೀವೇ ಹೇಳಿ.

೧. ರೋಲ್ ನಂಬರು

ಗೌರಿಬಿದನೂರಿನಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರು. ವಿದುರಾಶ್ವತ್ಥದ ಕಡೆಯವರು. ಅವರ ಮನೆ ಹಾರ್ಡ್ ಡಿಸ್ಕು ಕೆಟ್ಟಿತು. ನಾನು ಮೂರು ದಿನ ಕೂತು ಹಾಡುಗಳನ್ನೆಲ್ಲ ಎತ್ತಿಕೊಟ್ಟೆ. ಎತ್ತುವಾಗ ಹೆಸರು ಬರಲಿಲ್ಲ, ಬರೀ ನಂಬರು ಬಂದವು. ಒಂದರಿಂದ ಆರುನೂರ ನಲವತ್ತರವರೆಗೆ.

"ಸಾರ್, ಹದಿನೈದು ದಿನ ಬಿಟ್ಟು ಬರ್ತೀನಿ, ಕೂತು ಹೆಸರು ಹಾಕೋಣ" ಅಂದೆ.

ಹದಿನೈದು ದಿನ ಬಿಟ್ಟು ಹೋದೆ. ಬಿಸಿಲಲ್ಲಿ ನಡೆದುಕೊಂಡು ಹೋದೆ. ಮೇಷ್ಟ್ರು ನನ್ನನ್ನ ಬಾಗಿಲಲ್ಲೇ ನಿಲ್ಲಿಸಿದರು.

"ಮುಟ್ಟಬೇಡ. ಮೂವತ್ತೈದು ವರ್ಷ ಮಕ್ಕಳನ್ನ ನಂಬರಲ್ಲೇ ಕೂಗಿದೋನು ನಾನು. ನಾಲ್ಕುನೂರವರೆಗೆ ಬಾಯಿಪಾಠ ಆಗಿದೆ. ಈಗ ಹೆಸರು ಹಾಕ್ತೀನಿ ಅಂತ ಬರ್ತೀಯಲ್ಲ, ನಿನಗೆ ಬುದ್ಧಿ ಇದೆಯೇನಯ್ಯ?"

ಪರೀಕ್ಷೆ ಮಾಡೋಣ ಅಂತ ಕೇಳಿದೆ, "ನೂರ ಹದಿನಾರು ಯಾವುದು ಸಾರ್?"

"ನೂರ ಹದಿನಾರಾ? ಅದು ಸರಿಯಾಗಿ ಹಾಡಲ್ಲ. ಮಧ್ಯದಲ್ಲಿ ನಿಂತುಬಿಡುತ್ತೆ. ಅದನ್ನ ಬೆಂಚಿನ ಮೇಲೆ ನಿಲ್ಲಿಸಿದೀನಿ" ಅಂದರು.

೨. ಭಜನೆಯವರ ಮನೆಗೆ ಬಂದವಳು

ಚಿಕ್ಕಬಳ್ಳಾಪುರದಲ್ಲಿ ಭಜನೆ ತಂಡದ ಹಿರಿಯರೊಬ್ಬರು. ಅವರ ತಂಡದವರೇ ಹಾಡಿ ಮಾಡಿಸಿದ ಸೀಡಿ ಕಂಪ್ಯೂಟರಿಗೆ ಹಾಕಿದೆ. ಹೆಸರಿಲ್ಲದ ಸೀಡಿ ಕಂಡರೆ ಹಾಡು ತುಂಬಿಸೋ ಪ್ರೋಗ್ರಾಮಿಗೆ ತಡೆಯೋದಿಲ್ಲ. ಹಾಡಿನ ಉದ್ದ ಅಳೆದು, ಇಂಟರ್‌ನೆಟ್ಟಿನಲ್ಲಿ ಅಷ್ಟೇ ಉದ್ದದ್ದು ಯಾವುದಿದೆ ಅಂತ ಹುಡುಕಿ, ತಾನೇ ಒಂದು ಹೆಸರೂ ಫೋಟೋನೂ ತಂದು ಅಂಟಿಸುತ್ತದೆ. ಏಕಾದಶಿ ದಿನ ತಂಡದವರೆಲ್ಲ ತಾಳ ಹಿಡಿದು ಕೂತಿದ್ದಾಗ ಹಿರಿಯರು ರಿಮೋಟು ಒತ್ತಿದರು. ಭಜನೆ ಶುರುವಾಯಿತು. ಟೀವಿ ತುಂಬ ಒಬ್ಬ ಬಿಳೀ ಹೆಂಗಸು, ಮೈಮೇಲೆ ಗಿಟಾರು ಬಿಟ್ಟರೆ ಬೇರೇನೂ ಇಲ್ಲ.

ಫೋನಿನಲ್ಲಿ ನನಗೆ ಆದ ಪೂಜೆ ಬರೆಯೋ ಹಾಗಿಲ್ಲ. "ಈಗಲೇ ಬಂದು ತೆಗೀಬೇಕು! ಈಗಲೇ!" ಅಂತ ಕೂಗಾಡಿದರು. ಹಿಂದೆ ತಾಳ ನಿಂತಿರೋದು ನನಗೇ ಕೇಳಿಸಿತು. ನಾನೇನು ಕರೆದುಕೊಂಡು ಬಂದೆನೇ ಅವಳನ್ನ? ಸಿಟ್ಟಿನಲ್ಲೇ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಮತ್ತೆ ಫೋನು ಬಂತು. ಈಗ ದನಿ ಮೆತ್ತಗಿತ್ತು. "ತಂಡದವರು ಇನ್ನೂ ಕೂತಿದಾರಪ್ಪ, ಎದ್ದು ಹೋಗ್ತಾನೇ ಇಲ್ಲ. ಭಜನೆ ಚೆನ್ನಾಗಿ ನಡೀತಿದೆ. ನಾಳೆ ಬಂದರೂ ನಡೆಯುತ್ತೆ."

೩. ಯಾರವನು ಅನ್ನೋನ್?

ಇವೆಲ್ಲ ಸಣ್ಣವು. ದೊಡ್ಡದು ಆದದ್ದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿಯಲ್ಲಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕೋ ದೊಡ್ಡ ಮನೆ. ಯಜಮಾನರಿಗೆ ಅರವತ್ತು ದಾಟಿತ್ತು. ಇಬ್ಬರು ಗಂಡುಮಕ್ಕಳಿಗೆ ಮನೆ ಭಾಗ ಮಾಡಿಕೊಟ್ಟಿದ್ದರು, ಹಾಡು ಮಾತ್ರ ಭಾಗ ಆಗಬಾರದು ಅಂತ ಒಂದೇ ಕಂಪ್ಯೂಟರಿಂದ ಮೂರು ಭಾಗಕ್ಕೂ ವೈರು ಎಳೆಸಿದ್ದರು. ಎಳೆದವನು ನಾನೇ. ಸಾವಿರದ ಚಿಲ್ಲರೆ ಹಾಡು, ವೀಡಿಯೋ. ಹೆಸರು ಹಾಕಿದವನೂ ನಾನೇ.

ಒಂದು ಮಂಗಳವಾರ ಫೋನು ಬಂತು. ಹೋದೆ. ಯಜಮಾನರು ಜಗುಲಿ ಮೇಲೆ ನಿಂತಿದ್ದರು.

"ಯಾರಯ್ಯ ಅವನು ಅನ್ನೋನು? ನನ್ನ ಮನೆ ಹಾಡೆಲ್ಲ ಅವನೇ ಹಾಡಿದಾನಂತೆ!"

ಒಳಗೆ ನೋಡಿದರೆ ಟೀವಿಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಬರಹ, ಅನ್ನೋನ್ ಆರ್ಟಿಸ್ಟ್. ಗೊತ್ತಿಲ್ಲದ ಕಲಾವಿದ. ಒಂದು ಹೆಸರೂ ಇಲ್ಲ.

"ನಮ್ಮ ತಾಯಿ ಹಸೆ ಹಾಡು ಹಾಡಿದ್ದು ಇದರೊಳಗಿದೆ. ಸುತ್ತ ಹತ್ತು ಹಳ್ಳಿಗೆ ಆಕೆ ಯಾರು ಅಂತ ಗೊತ್ತು. ಈ ಡಬ್ಬ ಆಕೇನ ಗೊತ್ತಿಲ್ಲ ಅಂತದಲ್ಲಯ್ಯ!"

ಯಾರು ಏನು ಮುಟ್ಟಿದರು ಅಂತ ವಿಚಾರಿಸಿದೆ. ಎರಡನೇ ಮಗ ಮುಂದೆ ಬಂದ. ಬಿ.ಕಾಂ. ಓದಿದವನು. "ಕಂಪ್ಯೂಟರು ಸ್ಲೋ ಆಗಿತ್ತಣ್ಣ. ಒಂದು ಫೈಲು ದೊಡ್ಡದಾಗಿ ಕೂತಿತ್ತು. ಅದು ಹಾಡೂ ಅಲ್ಲ, ವೀಡಿಯೋನೂ ಅಲ್ಲ. ಸುಮ್ನೆ ಯಾಕೆ ಅಂತ ತೆಗೆದುಬಿಟ್ಟೆ."

ಹೆಸರುಗಳೆಲ್ಲ ಇದ್ದದ್ದು ಅದೊಂದೇ ಫೈಲಿನಲ್ಲಿ. ಉಳೋದಿಲ್ಲ, ಬಿತ್ತೋದಿಲ್ಲ, ಸುಮ್ಮನೆ ಕೂತು ಬರೀತಾನೆ ಅಂತ ಶಾನುಭೋಗನನ್ನ ಓಡಿಸಿ, ಆಮೇಲೆ ಯಾರ ಹೊಲ ಯಾವುದು ಅಂತ ನನ್ನನ್ನ ಕೇಳಿದರೆ? ನನ್ನದೂ ಒಂದು ತಪ್ಪಿತ್ತು, ಒಪ್ಪುತ್ತೇನೆ. ಹೆಸರನ್ನ ಹಾಡಿನ ಮೈಮೇಲೇ ಬರೀಬೇಕಿತ್ತು, ಸೋಮಾರಿತನಕ್ಕೆ ಪ್ರೋಗ್ರಾಮಿನ ಪುಸ್ತಕದಲ್ಲಿ ಮಾತ್ರ ಬರೆದಿದ್ದೆ. ಆದರೆ ಅದನ್ನ ಆ ಹೊತ್ತಿನಲ್ಲಿ ಹೇಳೋಕೆ ನನಗೇನು ಹುಚ್ಚೇ?

ಯಜಮಾನರು ತೀರ್ಪು ಕೊಟ್ಟರು. "ಬರೋ ಭಾನುವಾರ ಮೊಮ್ಮಗಳ ಮದುವೆ. ನಮ್ಮಮ್ಮ ಇದ್ದಾಗ ಆಕೆ ಹಾಡಿದಳು. ಹೋದ ಮೇಲೆ ಆಕೆ ಕ್ಯಾಸೆಟ್ಟು ಹಾಡ್ತು. ಆ ಹಸೆ ಹಾಡಿಲ್ಲದೆ ಈ ಮನೇಲಿ ಒಂದು ಹೆಣ್ಣೂ ಹಸೆಗೆ ಕೂತಿಲ್ಲ. ಭಾನುವಾರದೊಳಗೆ ಅದು ಸಿಗಬೇಕು."

"ಆ ಕ್ಯಾಸೆಟ್ಟೇ ಹಾಕಿಬಿಡಿ ಸಾರ್."

"ಕಂಪ್ಯೂಟರಿಗೆ ಹಾಕಿದ ಮೇಲೆ ಕ್ಯಾಸೆಟ್ಟು ಯಾಕೆ, ಜಾಗ ದಂಡ ಅಂತ ಹೇಳಿದೋನು ಯಾರು?"

ಹೇಳಿದವನು ನಾನೇ. ಆ ಕ್ಯಾಸೆಟ್ಟಿನ ಟೇಪು ಈಗ ತೋಟದಲ್ಲಿ ಹಕ್ಕಿ ಬೆದರಿಸೋಕೆ ಕಟ್ಟಿದ್ದರು. ಗಾಳಿಗೆ ಚೆನ್ನಾಗಿ ಹೊಳೀತಿತ್ತು.

ನನ್ನ ಬಟ್ಟೆ ಬ್ಯಾಗನ್ನ ಯಜಮಾನರೇ ಎತ್ತಿಕೊಂಡು ಹೋಗಿ ದೇವರ ಮನೇಲಿಟ್ಟರು. "ಹಾಡು ಸಿಕ್ಕಿದ ದಿನ ತಗೊಂಡು ಹೋಗು." ಆ ಶುಕ್ರವಾರ ಪೂಜೆ ಹೊತ್ತಿಗೆ ನೋಡುತ್ತೇನೆ, ಜಿಪ್ಪಿನ ಎರಡೂ ಕಡೆ ಅರಿಶಿನ ಕುಂಕುಮ ಇಟ್ಟಿದ್ದಾರೆ. ನನ್ನ ಲುಂಗಿಗೂ ಮಂಗಳಾರತಿ ಆಯಿತು.

೪. ಏಳು ಬೆಟ್ಟದವರು

ಸಾವಿರ ಹಾಡಿನಲ್ಲಿ ಒಂದನ್ನ ಹುಡುಕಬೇಕಾದರೆ ಒಂದೊಂದೇ ಹಾಕಿ ಕೇಳಬೇಕು. ಹೇಗೂ ಕೇಳ್ತೀವಲ್ಲ, ಹೆಸರೂ ಬರೆದುಬಿಡೋಣ ಅಂತ ತೀರ್ಮಾನವಾಯಿತು. ಎಲ್ಲ ಗೊತ್ತಿರೋದು ಮನೇಲಿ ಒಬ್ಬರಿಗೇ, ಯಜಮಾನರ ಹೆಂಡತಿಗೆ. ಊರಿಗೆಲ್ಲ ಅವರು ಅಮ್ಮೋರು. ಅವರು ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೂತರು.

ಮೊದಲನೇ ಹಾಡು ಹಾಕಿದೆ. ತಿರುಪತಿ ದೇವರ ಹಾಡು.

"ಇದು ಯಾವುದಮ್ಮ?"

"ಅದೇ ಕಣಪ್ಪ, ಏಳು ಬೆಟ್ಟದವರದು."

"ವೆಂಕಟರಮಣಂದಾ?"

ಅಮ್ಮೋರು ಸೆರಗು ಬಾಯಿಗೆ ಇಟ್ಟುಕೊಂಡರು. ಆಮೇಲೆ ಸೊಸೆ ನನ್ನನ್ನ ಆಚೆ ಕರೆದು ಹೇಳಿದಳು. ಯಜಮಾನರ ಹೆಸರು ವೆಂಕಟರವಣಪ್ಪ. ಅತ್ತೆ ಗಂಡನ ಹೆಸರು ಹೇಳೋದಿಲ್ಲ, ಆ ಹೆಸರಿನ ದೇವರನ್ನೂ ಹೇಳೋದಿಲ್ಲ. ಮಾವನ ಹೆಸರು ಮುನಿಯಪ್ಪ, ಅದೂ ಇಲ್ಲ. ಭಾವನ ಹೆಸರು ಚಿಕ್ಕಪ್ಪಯ್ಯ, ಹಾಗಾಗಿ ಚಿಕ್ಕಪ್ಪ ಅನ್ನೋ ಮಾತೇ ಬಾಯಲ್ಲಿ ಬರೋದಿಲ್ಲ.

ಈ ಸೀಮೆಯಲ್ಲಿ ವೆಂಕಟರವಣ, ಮುನಿಯಪ್ಪ ಬಿಟ್ಟರೆ ಇನ್ನು ಯಾವ ಹೆಸರಿದೆ ಸ್ವಾಮಿ? ಎರಡು ದಿನ ಬರೆದೆ. ಸಂಜೆ ಯಜಮಾನರು ಟೀವಿ ಹಾಕಿ ನೋಡಿದರು. "ಅವರ ಹಾಡು." "ಅವರ ಇನ್ನೊಂದು ಹಾಡು." "ಅವರಪ್ಪನ ಹೆಸರಿನ ದೇವರ ಹಾಡು." "ಅವರ ತಮ್ಮನ ಮದುವೆ." "ಅವರಲ್ಲ, ಇವರ ಮದುವೆ."

"ಇದಕ್ಕಿಂತ ಅನ್ನೋನೇ ವಾಸಿಯಾಗಿತ್ತು" ಅಂದರು ಯಜಮಾನರು.

೫. ಪಾಯಸ ಸೀದ ಮದುವೆ

ಲಗ್ನ ಪುರೋಹಿತರು ಇಟ್ಟದ್ದು, ಹುಳುವಿನ ಹಸಿವು ಹುಳುವೇ ಇಟ್ಟದ್ದು. ಎರಡೂ ಒಂದೇ ವಾರ ಬಂದಿತ್ತು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡೋ ನಿದ್ದೆ, ಮುಗಿಸಿ ಎದ್ದ ಹುಳುಗಳು ಗಾಡಿಗಟ್ಟಲೆ ಸೊಪ್ಪು ತಿನ್ನುತ್ತಿದ್ದವು. ಅಮ್ಮೋರು ಮದುವೆ ಕೆಲಸಕ್ಕೆ ಎದ್ದು ಹೋಗುತ್ತ ಬಂದು ಕೂರುತ್ತ ಇದ್ದರು. ನಾನು ಉಪಾಯ ಮಾಡಿದೆ. ಸೊಪ್ಪು ಹೆಚ್ಚೋ ಶೆಡ್ಡಿಗೆ ಒಂದು ಸ್ಪೀಕರು, ಹಳೇ ಟೀವಿ ಎಳೆದುಕೊಂಡು ಹೋದೆ. ಅಲ್ಲಿ ಎಂಟು ಜನ ಹೆಂಗಸರು. ಊರಿನ ಮದುವೆಯೆಲ್ಲ ಉಂಡವರು. ಅವರಲ್ಲಿ ಹಿರಿಯಳೊಬ್ಬಳು ಸೊಪ್ಪಿನ ಮುದುಕಿ ಅಂತಲೇ ಹೆಸರಾದವಳು, ಅರ್ಧ ತೆಲುಗು ಅರ್ಧ ಕನ್ನಡ.

ನಾನು ವೀಡಿಯೋ ಹಾಕೋದು, ಅವರು ಕೂಗೋದು, ನಾನು ಬರೆಯೋದು. ಕೆಲಸ ಸರಸರ ಓಡಿತು. ಅರ್ಧ ದಿನದಲ್ಲಿ ಅರವತ್ತು ಮದುವೆ. ಮೊದಲ ಸಲ ಈ ಮನೇಲಿ ಸಮಾಧಾನದಿಂದ ಮುದ್ದೆ ಉಂಡೆ.

ಶುಕ್ರವಾರ ಮಧ್ಯಾಹ್ನ ಬೀಗರ ಕಡೆಯವರು ಚಪ್ಪರ ನೋಡೋಕೆ ಬಂದರು. ಯಜಮಾನರು ಕಾಫಿ ಕೊಡಿಸಿ, "ನಮ್ಮ ಮನೆ ಮದುವೆ ಎಲ್ಲ ಇದರಲ್ಲಿದೆ ನೋಡಿ" ಅಂತ ಹೆಮ್ಮೆಯಿಂದ ರಿಮೋಟು ಒತ್ತಿದರು. ಪಟ್ಟಿ ಬಂತು.

ಪಾಯಸ ಸೀದ ಮದುವೆ. ಅಳಿಯ ಮುನಿಸಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂತ ಮದುವೆ. ಹೆಣ್ಣಿನ ಕಡೆಯವರಿಗೆ ಚಟ್ನಿ ಸಾಲದ ಮದುವೆ. ಯಜಮಾನರ ತಮ್ಮ ಬಾವಿಗೆ ಬಿದ್ದ ಮದುವೆ.

ಬೀಗರು ಒಂದೊಂದೇ ಗಟ್ಟಿಯಾಗಿ ಓದಿದರು. ಯಜಮಾನರ ಮುಖ ನೋಡೋಕೆ ಆಗಲಿಲ್ಲ. ಅವರು ಹೋದ ಮೇಲೆ ಯಜಮಾನರು ಶೆಡ್ಡಿಗೆ ಬಂದು ಎಗರಾಡಿದರು. "ಮದುವೆಗೆ ಗಂಡು ಹೆಣ್ಣಿನ ಹೆಸರು ಹಾಕಬೇಕೋ, ಪಾಯಸದ ಹೆಸರು ಹಾಕಬೇಕೋ?"

ಸೊಪ್ಪಿನ ಮುದುಕಿ ಕುಡುಗೋಲು ನಿಲ್ಲಿಸಲೇ ಇಲ್ಲ. "ಗಂಡು ಹೆಣ್ಣು ಎಲ್ಲಾ ಮದುವೇಲೂ ಇರ್ತಾರೆ ಸಾಮಿ. ಪಾಯಸ ಸೀದಿದ್ದು ಒಂದರಲ್ಲೇ."

೬. ಇದಲ್ಲ, ಮುಂದಿಂದು

ಹಸೆ ಹಾಡು ಮಾತ್ರ ಸಿಗಲಿಲ್ಲ. ಶುಕ್ರವಾರ ಸಂಜೆಗೆ ಸಾವಿರವೂ ಮುಗಿದಿತ್ತು. ನನ್ನ ಬ್ಯಾಗು ದೇವರ ಮನೇಲಿ, ನಾನು ಶೆಡ್ಡಿನಲ್ಲಿ ತಲೆ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ.

ಸೊಪ್ಪಿನ ಮುದುಕಿ ಕೇಳಿದಳು, "ಎಂದುಕಪ್ಪಾ ಹಂಗೆ ಕೂತಿದೀಯ?"

"ಯಜಮಾನರ ತಾಯಿ ಹಾಡು ಸಿಗಲಿಲ್ಲಮ್ಮ."

"ಅದಾ? ಬುಧವಾರವೇ ಬಂತಲ್ಲ. ನಾನು ಜಗುಲೀಲಿ ಎಲೆ ಅಡಿಕೆ ಹಾಕ್ಕೊಳ್ತಾ ಇದ್ದೆ. ಆ ಅಮ್ಮನ ದನಿ ನನಗೆ ಗೊತ್ತಿಲ್ವಾ? ಅಮ್ಮೋರು ಇದಲ್ಲ, ಮುಂದಿಂದು ಹಾಕು ಅಂದರು. ನೀನು ಹಾಕಿದೆ."

ಎರಡು ದಿನ! ಎರಡು ದಿನದಿಂದ ಸಿಕ್ಕಿರೋ ಹಾಡನ್ನ ಹುಡುಕುತ್ತಿದ್ದೆ. ಉರಿದುಹೋಯಿತು. ನೇರ ಅಡುಗೆ ಮನೆ ಬಾಗಿಲಿಗೆ ಹೋಗಿ ನಿಂತೆ.

"ಅಮ್ಮಾ, ನಾನು ನಿಮಗೇನು ಮಾಡಿದೆ? ನನ್ನ ಬಟ್ಟೆ ಕೂಡ ಬದಲಾಯಿಸದ ಹಾಗೆ ಕೂಡಿಹಾಕಿದೀರಲ್ಲ!"

ಅಮ್ಮೋರು ಆ ಕಡೆ ಈ ಕಡೆ ನೋಡಿ, ಹೋಳಿಗೆ ಹೂರಣದ ಕೈಯಲ್ಲೇ ಬಾಗಿಲ ಮರೆಗೆ ಕರೆದರು. "ಕೂಗಬೇಡ ಕಣಪ್ಪ. ಆ ಹಾಡು ಮುಗಿದ ಮೇಲೆ ಏನಿದೆ ಕೇಳಿದೀಯಾ?"

"ಇಲ್ಲ."

"ನಮ್ಮ ಮೈದುನನ ಮದುವೇಲಿ ಟೇಪು ಮಾಡಿದ್ದು ಅದು. ಅತ್ತೆ ಹಾಡು ಮುಗಿಸಿದ್ರು. ಈ ಹೆಂಗಸರೆಲ್ಲ ಬಾಗಿಲಲ್ಲಿ ನನಗೆ ಅಡ್ಡ ನಿಂತ್ರು. ಗಂಡನ ಹೆಸರು ಹೇಳು, ಇಲ್ಲ ಅಂದ್ರೆ ಒಳಗೆ ಬಿಡಲ್ಲ ಅಂತ. ಒಲೆ ಮೇಲೆ ಪಾಯಸ ಇಟ್ಟಿದ್ದೆ. ಸಣ್ಣಗೆ ಹೇಳಿದೆ. ಕೇಳಿಸ್ಲಿಲ್ಲ ಅಂದ್ರು. ಇನ್ನೊಂದು ಸಲ ಹೇಳಿದೆ. ಕೇಳಿಸ್ಲಿಲ್ಲ ಅಂದ್ರು. ಸಿಟ್ಟು ಬಂತು. ಒಟ್ಟಿನಲ್ಲಿ… ಕೂಗಿಬಿಟ್ಟೆ. ಅದೂ ಟೇಪಾಗಿಬಿಡ್ತು."

ಪಾಯಸ ಯಾಕೆ ಸೀದಿತು ಅಂತಲೂ ಅವತ್ತೇ ಗೊತ್ತಾಯಿತು.

ಕ್ಯಾಸೆಟ್ಟಿದ್ದಾಗ ಪ್ರತಿ ಮದುವೇಲೂ ಅಮ್ಮೋರೇ ಟೇಪ್ ರೆಕಾರ್ಡರಿನ ಪಕ್ಕ ಕೂತು, ಹಾಡು ಮುಗಿದ ತಕ್ಷಣ ಗುಂಡಿ ಒತ್ತಿ ನಿಲ್ಲಿಸುತ್ತಿದ್ದರಂತೆ. ಯಾರಿಗೂ ಅನುಮಾನ ಬಂದಿರಲಿಲ್ಲ. ಈಗ ನಾನು ಬಂದು ಮೂರು ಭಾಗಕ್ಕೂ ವೈರು ಎಳೆದು, ರಿಮೋಟನ್ನ ಗಂಡಸರ ಕೈಗೆ ಕೊಟ್ಟಿದ್ದೆ. "ಸೊಸೆಯಂದಿರು, ಅಳಿಯಂದಿರು, ಬೀಗರು, ಎಲ್ಲರ ಮುಂದೆ ನಾನು ಅವರ ಹೆಸರು ಕೂಗೋದು ಕೇಳಿಸಬೇಕಾ? ಹಾಡು ಬೇಡ ಅಂತ ಅಲ್ಲಪ್ಪ, ಅತ್ತೆ ಹಾಡಿಲ್ಲದೆ ಮೊಮ್ಮಗಳು ಹಸೆಗೆ ಕೂತರೆ ನನಗೂ ಸಂಕಟವೇ. ನೀನೇ ಏನಾದ್ರೂ ಮಾಡು."

ನನ್ನ ಸಿಟ್ಟು ಹೂರಣದ ಹಾಗೆ ಮೆತ್ತಗಾಯಿತು. "ಬಾಲ ಕತ್ತರಿಸಿಬಿಡ್ತೀನಿ ಬಿಡಿ" ಅಂದೆ. ಹಾಡಿನದೊಂದು ನಕಲು ಮಾಡಿ, ಹಾಡು ಮುಗಿದಲ್ಲಿಗೆ ಕತ್ತರಿಸಿ, "ಹಸೆ ಹಾಡು, ಅಜ್ಜಿ" ಅಂತ ಹಾಡಿನ ಮೈಮೇಲೇ ಹೆಸರು ಬರೆದೆ. ಹಳೇದಕ್ಕೂ ಅದೇ ಹೆಸರು ಬರೆದು ಬೇರೆ ಜಾಗದಲ್ಲಿ ಇಟ್ಟೆ. ಯಜಮಾನರಿಗೆ ಹಾಡು ಕೇಳಿಸಿದೆ. ಅವರು ಕಣ್ಣು ಒರೆಸಿಕೊಂಡು ಹೋಗಿ ದೇವರ ಮನೆಯಿಂದ ಬ್ಯಾಗು ತಂದುಕೊಟ್ಟರು. ಲುಂಗಿ ಕರ್ಪೂರದ ವಾಸನೆ ಹೊಡೀತಿತ್ತು.

೭. ಬಂದೆ ಕಣೇ

ಭಾನುವಾರ. ಚಪ್ಪರದ ತುಂಬ ಜನ. ಮೊಮ್ಮಗಳು ಹಸೆಗೆ ಕೂತಳು. ಎರಡನೇ ಮಗ ಹಾಡು ಹಾಕಿದ. ಯಜಮಾನರ ತಾಯಿಯ ದನಿ ಚಪ್ಪರದ ನಾಲ್ಕು ಮೂಲೆಗೂ ಹೋಯಿತು. ಮುದುಕಿಯರೆಲ್ಲ ಸೆರಗಿಗೆ ಕಣ್ಣೊತ್ತಿಕೊಂಡರು. ಅಮ್ಮೋರು ಕಂಬ ಹಿಡಿದು ನಿಂತಿದ್ದರು, ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನೂ ಎದೆಯುಬ್ಬಿಸಿದೆ.

ಹಾಡು ಮುಗಿಯಿತು. ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಹೆಂಗಸರ ನಗು ಕೇಳಿಸಿತು. "ಕೇಳಿಸ್ಲಿಲ್ಲ, ಇನ್ನೊಂದು ಸಲ!" ಅಂತ ಯಾರೋ ಕೂಗಿದರು. ನಾನು ಜನರನ್ನ ತಳ್ಳಿಕೊಂಡು ಕಂಪ್ಯೂಟರಿನ ಕಡೆ ಓಡುವಷ್ಟರಲ್ಲಿ, ಇಪ್ಪತ್ತೈದು ವರ್ಷದ ಹಿಂದಿನ ಅಮ್ಮೋರು, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗೋ ದನಿಯಲ್ಲಿ, ಮೂರು ಮನೆಗೂ ಚಪ್ಪರಕ್ಕೂ ಕೇಳೋ ಹಾಗೆ ಕೂಗಿದರು.

"ವೆಂಕಟರವಣಪ್ಪಾ…!"

ಬೀಗರ ಸಾಲಿನಲ್ಲಿ ಎಲೆ ಅಡಿಕೆ ತಟ್ಟೆ ಹಿಡಿದು ಕೂತಿದ್ದ ಯಜಮಾನರು ದಡಕ್ಕನೆ ಎದ್ದು ನಿಂತರು.

"ಆಞ್! ಬಂದೆ ಕಣೇ!"

ತಟ್ಟೆ ಬಿತ್ತು. ಅಡಿಕೆ ಚಪ್ಪರದ ತುಂಬ ಉರುಳಿತು. ಪುರೋಹಿತರೂ ಮಂತ್ರ ಬಿಟ್ಟು ನಕ್ಕರು. ಅಮ್ಮೋರು ಅಡುಗೆ ಮನೆಗೆ ಹೋದವರು ಧಾರೆ ಹೊತ್ತಿಗೇ ಆಚೆ ಬಂದದ್ದು.

ನಾನು ಎರಡನೇ ಮಗನ ಕತ್ತಿನಪಟ್ಟಿ ಹಿಡಿದೆ. "ನಾನು ಕತ್ತರಿಸಿಟ್ಟದ್ದು ಎಲ್ಲಯ್ಯ?"

"ಒಂದೇ ಹೆಸರಿನಲ್ಲಿ ಎರಡಿತ್ತಣ್ಣ. ಒಂದು ಚಿಕ್ಕದಿತ್ತು. ಸುಮ್ನೆ ಯಾಕೆ ಅಂತ…"

೮. ಮಂಗಳವಾರ

ಸೋಮವಾರವೆಲ್ಲ ಅಮ್ಮೋರು ನನಗೆ ಊಟ ಬಡಿಸಿದರು, ಮಾತಾಡಲಿಲ್ಲ. ನನ್ನ ತಪ್ಪೇನಿತ್ತು ಹೇಳಿ. ಸಂಜೆ ಯಜಮಾನರು ಹುಳು ಮನೆ ಹಿಂದಕ್ಕೆ ನನ್ನನ್ನ ಕರೆದು ತಮ್ಮ ಮೊಬೈಲು ಕೈಗಿಟ್ಟರು.

"ಆ ಕೊನೇದಿದೆಯಲ್ಲ… ಅದೊಂದನ್ನ ಇದಕ್ಕೆ ಹಾಕಿಕೊಡು. ಯಾರಿಗೂ ಹೇಳಬೇಡ."

"ಏನಕ್ಕೆ ಸಾರ್?"

"ಮದುವೆಯಾಗಿ ನಲವತ್ತು ವರ್ಷದ ಮೇಲಾಯ್ತಯ್ಯ. ಏನ್ರೀ, ನಿಮ್ಮನ್ನೇ, ಇಲ್ಲಿ ಕೇಳಿ. ಇಷ್ಟೇ ನನ್ನ ಹೆಸರು. ಆ ಡಬ್ಬಕ್ಕಿಂತ ಮುಂಚೆಯೇ ನಾನು ಈ ಮನೇಲಿ ಅನ್ನೋನು."

ಹಾಕಿಕೊಟ್ಟೆ. ಕರೆ ಬಂದಾಗ ಅದೇ ಕೂಗೋ ಹಾಗೆ ಮಾಡಿಕೊಟ್ಟೆ.

ಇವತ್ತು ಮಂಗಳವಾರ. "ಇವತ್ತು ಬೇಡ, ನಾಳೆ ಹೋಗಪ್ಪ" ಅಂತ ಅಮ್ಮೋರು ಕೊನೆಗೂ ಮಾತಾಡಿದರು. ಮಂಗಳವಾರವೇ ನನಗೆ ಆಗಿಬಂದ ದಿನ ಅಂದೆ. ಜಗುಲಿ ಮೇಲೆ ಬ್ಯಾಗು ತುಂಬುತ್ತಿದ್ದೇನೆ. ಲುಂಗಿ, ಪ್ಯಾಂಟು, ವೈರಿನ ಸುರುಳಿ, ಎಲೆಯಲ್ಲಿ ಕಟ್ಟಿದ ಎರಡು ಹೋಳಿಗೆ. ದೊಡ್ಡ ಸ್ಕ್ರೂಡ್ರೈವರು ಮಾತ್ರ ಕಾಣಿಸಲಿಲ್ಲ. ನಿನ್ನೆ ಯಜಮಾನರು ಹುಳು ಮನೆ ಕಿಟಕಿಗೆ ಅಂತ ತಗೊಂಡಿದ್ದರು. ಹುಳು ಮನೆಯೊಳಗೆ ನಮ್ಮಂಥವರು ಹೋಗೋ ಹಾಗಿಲ್ಲ, ಹುಳುವಿಗೆ ಸೋಂಕು ತಗಲುತ್ತೆ ಅಂತಾರೆ. ಅದಕ್ಕೆ ಫೋನು ಮಾಡಿದೆ.

ಹುಳು ಮನೆಯೊಳಗಿಂದ ಕೂಗು ಕೇಳಿಸಿತು. "ವೆಂಕಟರವಣಪ್ಪಾ…!" ಅವರು ಎತ್ತಲಿಲ್ಲ. "ವೆಂಕಟರವಣಪ್ಪಾ…!" ಎತ್ತಲಿಲ್ಲ. ಪೂರ್ತಿ ಬಡಿದುಕೊಂಡು ನಿಂತಿತು. ಮತ್ತೆ ಮಾಡಿದೆ. ಮತ್ತೆ ಅದೇ.

ಅಡುಗೆ ಮನೆಯಿಂದ ಅಮ್ಮೋರು ಸಿಟ್ಟಿನಲ್ಲಿ ಕೂಗಿದರು. "ಏನ್ರೀ! ನಿಮ್ಮನ್ನೇ! ಎತ್ರೀ ಅದನ್ನ, ಮಾನ ಹೋಗ್ತಿದೆ!"

ಹುಳು ಮನೆಯಿಂದ ಉತ್ತರ ಬಂತು. "ಇರೇ! ಇನ್ನೊಂದು ಸಲ ಕರೀಲಿ!"

ನನ್ನ ಸ್ಕ್ರೂಡ್ರೈವರು ಹೋಯಿತು ಅಂದುಕೊಂಡು ಜಿಪ್ಪು ಎಳೆಯುತ್ತಿದ್ದೇನೆ. ಕುಂಕುಮ ಸಿಕ್ಕಿಹಾಕಿಕೊಂಡು ಅದೂ ಬರ್ತಾ ಇಲ್ಲ.